ಸಾವಯವ ಎಂದರೆ ರಾಸಾಯನಿಕ ಹಾಕದ್ದು ಅಲ್ಲವೇ? ಹತ್ತನೆಯ ತರಗತಿಗೆ ಇಂಗಾಲದ ಪಾಠ ಕಲಿಸುವ ಬಗೆ

ಪ್ರಶ್ನೆ
ವಿಜ್ಞಾನ ಶಿಕ್ಷಕಿ, ಮುಂಬಯಿ ಉಪನಗರ

ಎಲ್ಲರಿಗೂ ನಮಸ್ಕಾರ. ಮುಂಬಯಿ ಉಪನಗರದ ಕನ್ನಡ ಮಾಧ್ಯಮ ಪ್ರೌಢಶಾಲೆಯೊಂದರಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ಕೆಲಸಕ್ಕೆ ಸೇರಿ ಎರಡು ವರ್ಷಗಳಾದರೂ ಹತ್ತನೆಯ ತರಗತಿ ನನ್ನ ಪಾಲಿಗೆ ಬಂದದ್ದು ಈ ವರ್ಷವೇ. ತರಗತಿಯಲ್ಲಿರುವುದು ಹತ್ತೊಂಬತ್ತು ಮಕ್ಕಳು. ಹೆಚ್ಚಿನವರ ತಂದೆ ತಾಯಿ ಕಲಬುರಗಿ, ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ನಾಲ್ಕೈದು ಮಕ್ಕಳ ಮನೆಯವರು ಉಡುಪಿ ಕಡೆಯವರು, ಕ್ಯಾಂಟೀನುಗಳಲ್ಲಿ ದುಡಿಯುವವರು. ಮನೆಯಲ್ಲಿ ಒಂದು ಕನ್ನಡ ಅಥವಾ ತುಳು, ಬೀದಿಯಲ್ಲಿ ಹಿಂದಿ, ಪುಸ್ತಕದಲ್ಲಿ ಇನ್ನೊಂದು ಕನ್ನಡ, ಹೀಗೆ ಅವರ ದಿನ ಸಾಗುತ್ತದೆ.

ಮಹಾರಾಷ್ಟ್ರದ ಪಠ್ಯಪುಸ್ತಕ ಸಂಸ್ಥೆಯಾದ ಬಾಲಭಾರತಿಯ ವಿಜ್ಞಾನ ಪುಸ್ತಕದ ಮೊದಲ ಭಾಗದ ಒಂಬತ್ತನೆಯ ಪಾಠವಾದ ಇಂಗಾಲದ ಸಂಯುಕ್ತಗಳನ್ನು ಕಳೆದ ವಾರ ಆರಂಭಿಸಿದೆ. ಕಪ್ಪು ಹಲಗೆಯ ಮೇಲೆ ‘ಸಾವಯವ ರಸಾಯನಶಾಸ್ತ್ರ’ ಎಂದು ಬರೆದು ತಿರುಗುವಷ್ಟರಲ್ಲಿ ಒಬ್ಬ ಹುಡುಗ ಎದ್ದು ನಿಂತು, “ಟೀಚರ್, ಸಾವಯವ ತರಕಾರಿ ಅಂದರೆ ರಾಸಾಯನಿಕ ಹಾಕದೆ ಬೆಳೆದದ್ದು. ಹಾಗಾದರೆ ಸಾವಯವ ರಸಾಯನ ಅಂದರೆ ರಾಸಾಯನಿಕ ಹಾಕದ ರಸಾಯನವೇ?” ಎಂದು ಕೇಳಿದ. ಹಿಂದಿನ ಬೆಂಚಿನಿಂದ ಇನ್ನೊಬ್ಬ, “ಬಾಳೆಹಣ್ಣಿನ ರಸಾಯನ” ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಆದರೆ ಅವನಿಗೆ ಕೊಡಲು ನನ್ನಲ್ಲಿ ಒಳ್ಳೆಯ ಉತ್ತರವಿರಲಿಲ್ಲ.

ನಿಜವಾದ ತೊಡಕು ಮುಂದೆ ಕಾಣಿಸಿತು. ಮೀಥೇನ್, ಈಥೇನ್, ಪ್ರೊಪೇನ್, ಬ್ಯೂಟೇನ್ ಎಂದು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ, ಹೀಗೆ ಒಂದೊಂದು ಇಂಗಾಲ ಹೆಚ್ಚುತ್ತ ಹೋಗುವ ಸಂಯುಕ್ತಗಳ ಸಾಲಿನ, ಅಂದರೆ ಅನುರೂಪ ಶ್ರೇಣಿಯ ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಹೇಳುತ್ತಾರೆ. ಆದರೆ ಐದು ಇಂಗಾಲಗಳ ಸರಪಳಿಯೊಂದನ್ನು ನೇರವಾಗಿ ಬರೆಯದೆ, ಕೊನೆಯ ಇಂಗಾಲವನ್ನು ಮೂಲೆಯಲ್ಲಿ ಕೆಳಕ್ಕೆ ತಿರುಗಿಸಿ ಬರೆದಾಗ, ಹದಿನಾಲ್ಕು ಮಂದಿ ಅದನ್ನು ಬೇರೆಯೇ ಪದಾರ್ಥವೆಂದರು. ಒಬ್ಬಳಂತೂ ನಾಲ್ಕೇ ಬಂಧಗಳಿರಬೇಕಾದ ಇಂಗಾಲಕ್ಕೆ ಐದು ಬಂಧಗಳನ್ನು ಹಾಕಿ, ಜಾಗವಿತ್ತು, ಅದಕ್ಕೇ ಹಾಕಿದೆ ಎಂದಳು.

ಈ ಪಾಠವನ್ನು ಯಾವ ಕ್ರಮದಲ್ಲಿ ಹೇಳಿಕೊಡಬೇಕು? ಪಾರಿಭಾಷಿಕ ಪದಗಳು ಕನ್ನಡದಲ್ಲಿರಬೇಕೇ, ಅಥವಾ ಹನ್ನೊಂದನೆಯ ತರಗತಿಗೆ ಇಂಗ್ಲಿಷಿಗೆ ಹೋಗಲೇಬೇಕಾದ ಮಕ್ಕಳಿಗೆ ಈಗಿನಿಂದಲೇ ಇಂಗ್ಲಿಷ್ ಪದಗಳನ್ನು ಕೊಡಬೇಕೇ? ನಮ್ಮ ಪ್ರಯೋಗಾಲಯವೆಂದರೆ ಒಂದು ಕಪಾಟು. ದ್ವಿಬಂಧವನ್ನು ಪತ್ತೆಹಚ್ಚಲು ಬಳಸುವ ಬ್ರೋಮಿನ್ ನೀರು ಅದರಲ್ಲಿಲ್ಲ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ 1
ನಿವೃತ್ತ ಶಿಕ್ಷಕ, ಡೊಂಬಿವಲಿ

ಮೇಡಂ, ಆ ಹುಡುಗನ ಪ್ರಶ್ನೆಯನ್ನು ನಗೆಯಲ್ಲಿ ಕಳೆದುಬಿಡಬೇಡಿ, ಪಾಠವನ್ನು ಅಲ್ಲಿಂದಲೇ ಆರಂಭಿಸಿ. ಅವನು ಕೇಳಿದ್ದು ಹತ್ತೊಂಬತ್ತನೆಯ ಶತಮಾನದ ಆರಂಭದ ರಸಾಯನ ವಿಜ್ಞಾನಿಗಳು ತಲೆ ಕೆಡಿಸಿಕೊಂಡಿದ್ದ ಪ್ರಶ್ನೆಯೇ. ಜೀವಿಗಳ ಶರೀರದಿಂದ, ಅಂದರೆ ಅವಯವಗಳಿಂದ ಬರುವ ಪದಾರ್ಥಗಳು ಒಂದು ಜಾತಿ, ಕಲ್ಲು ಮಣ್ಣು ಲೋಹಗಳದ್ದು ಇನ್ನೊಂದು ಜಾತಿ. ಮೊದಲಿನವನ್ನು ಮಾಡಲು ಜೀವಶಕ್ತಿಯೊಂದು ಬೇಕೇ ಬೇಕು, ಗಾಜಿನ ಪಾತ್ರೆಯಲ್ಲಿ ಅವು ಹುಟ್ಟಲಾರವು ಎಂಬ ನಂಬಿಕೆ ಆಗ ಬಲವಾಗಿತ್ತು. ‘ಸಾವಯವ’ ಎಂಬ ಹೆಸರು ಆ ನಂಬಿಕೆಯ ಕಾಲದ್ದು. 1828ರಲ್ಲಿ ಜರ್ಮನಿಯ ವೋಲರ್ ಅಮೋನಿಯಂ ಸಯನೇಟ್ ಎಂಬ ನಿರವಯವ ಲವಣವನ್ನು ಕಾಯಿಸಿದಾಗ ಯೂರಿಯಾ ದೊರೆಯಿತು. ಅಲ್ಲಿಯವರೆಗೆ ಯೂರಿಯಾ ಎಂದರೆ ಮೂತ್ರದಲ್ಲಿ ಸಿಗುವ ವಸ್ತು. ನಂಬಿಕೆ ಒಂದೇ ದಿನದಲ್ಲಿ ಬೀಳಲಿಲ್ಲ, ನಿಧಾನವಾಗಿ ಬಿತ್ತು. ಹೆಸರು ಮಾತ್ರ ಉಳಿದುಕೊಂಡಿತು.

ಈಗ ತಮಾಷೆ ನೋಡಿ. ನಿಮ್ಮ ಮಕ್ಕಳ ಊರಿನಲ್ಲಿ ಹೊಲವಿದ್ದರೆ ಯೂರಿಯಾ ಚೀಲವನ್ನು ಅವರು ಖಂಡಿತ ನೋಡಿರುತ್ತಾರೆ. ಚೆಂಬೂರಿನ ಟ್ರಾಂಬೆಯ ಗೊಬ್ಬರದ ಕಾರ್ಖಾನೆಯಲ್ಲಿಯೂ ಅದನ್ನು ತಯಾರಿಸುತ್ತಾರೆ, ಅಮೋನಿಯಾ ಮತ್ತು ಇಂಗಾಲದ ಡೈಆಕ್ಸೈಡಿನಿಂದ. ಸಾವಯವ ಕೃಷಿಕರು ಮುಟ್ಟದ ಮೊದಲ ಗೊಬ್ಬರವೇ ಯೂರಿಯಾ. ಸಾವಯವ ರಸಾಯನಶಾಸ್ತ್ರಕ್ಕೆ ಬಾಗಿಲು ತೆರೆದ ಪದಾರ್ಥವೂ ಅದೇ. ಒಂದೇ ಪದ ಹೊಲದಲ್ಲಿ ಒಂದು ಅರ್ಥ, ಪಾಠದಲ್ಲಿ ಇನ್ನೊಂದು ಅರ್ಥ ಕೊಡುತ್ತದೆ ಎಂಬುದನ್ನು ಹುಡುಗ ಒಮ್ಮೆ ಹೀಗೆ ಕೇಳಿದರೆ ಮರೆಯಲಾರ. ಪಾಠದಲ್ಲಿ ಅದರ ಅರ್ಥ ‘ಇಂಗಾಲದ ಸಂಯುಕ್ತಗಳು’ ಎಂದಷ್ಟೇ. ಇಂಗಾಲದ ಡೈಆಕ್ಸೈಡ್, ಕಾರ್ಬೊನೇಟುಗಳಂಥ ಕೆಲವನ್ನು ರೂಢಿಯಿಂದ ಹೊರಗಿಟ್ಟಿದ್ದಾರೆ ಎಂದು ಒಂದು ಮಾತು ಸೇರಿಸಿ ಮುಂದೆ ಹೋಗಿ, ಅಲ್ಲಿ ಹೆಚ್ಚು ಹೊತ್ತು ನಿಲ್ಲಬೇಡಿ.

ಇನ್ನು ಕ್ರಮದ ವಿಷಯ. ಮೊದಲು ಕೈ, ಆಮೇಲೆ ಕಣ್ಣು, ಹೆಸರು ಕೊನೆಗೆ, ಇದು ನನ್ನ ಪದ್ಧತಿ. ಹಿಂದಿನ ರಾತ್ರಿ ಕಪ್ಪು ಕಡಲೆ, ಬಿಳಿ ಬಟಾಣಿ ಮತ್ತು ಕೆಂಪು ರಾಜ್ಮಾ ನೆನೆಹಾಕಿ. ಒಂದು ಡಬ್ಬಿ ಟೂತ್‌ಪಿಕ್ ತನ್ನಿ. ಕಪ್ಪು ಕಡಲೆ ಇಂಗಾಲ, ಬಿಳಿ ಬಟಾಣಿ ಜಲಜನಕ, ಕೆಂಪು ರಾಜ್ಮಾ ಆಮ್ಲಜನಕ. ಈ ಬಣ್ಣಗಳು ನಮ್ಮ ಕಿರಾಣಿ ಅಂಗಡಿಯ ಕೃಪೆಯಲ್ಲ; 1865ರಲ್ಲಿ ಹಾಫ್‌ಮನ್ ಲಂಡನ್ನಿನಲ್ಲಿ ಉಪನ್ಯಾಸ ಕೊಡುವಾಗ ಕ್ರೋಕೆ ಆಟದ ಚೆಂಡುಗಳಿಗೆ ಇದೇ ಕಪ್ಪು, ಬಿಳಿ, ಕೆಂಪು ಬಣ್ಣಗಳನ್ನು ಬಳಿದು ಕಡ್ಡಿಗಳಿಂದ ಜೋಡಿಸಿ ತೋರಿಸಿದ್ದರು. ಇಂದಿನ ಪ್ಲಾಸ್ಟಿಕ್ ಮಾದರಿಗಳಲ್ಲಿಯೂ ಬಣ್ಣಗಳು ಇವೇ.

ಮಕ್ಕಳಿಗೆ ನಿಯಮ ಒಂದೇ: ಕಡಲೆಗೆ ನಾಲ್ಕು ಕಡ್ಡಿ, ರಾಜ್ಮಾಕ್ಕೆ ಎರಡು, ಬಟಾಣಿಗೆ ಒಂದು, ಯಾವ ಕಡ್ಡಿಯ ತುದಿಯೂ ಖಾಲಿ ಉಳಿಯಕೂಡದು. ಮೊದಲು ಒಂದು ಕಡಲೆ, ನಾಲ್ಕು ಬಟಾಣಿ ಕೊಡಿ. ಪುಸ್ತಕದ ಚಿತ್ರ ನೋಡಿದ ಮಕ್ಕಳು ಕಡ್ಡಿಗಳನ್ನು ಕೂಡಿಸುವ ಚಿಹ್ನೆಯಂತೆ ಚಪ್ಪಟೆಯಾಗಿ ಚುಚ್ಚುತ್ತಾರೆ. ಬೇಡವೆನ್ನಬೇಡಿ, ನಾಲ್ಕು ಬಟಾಣಿಗಳೂ ಒಂದರಿಂದೊಂದು ಆದಷ್ಟು ದೂರ ಇರುವಂತೆ ಚುಚ್ಚಿ ಎಂದು ಮಾತ್ರ ಹೇಳಿ. ಸ್ವಲ್ಪ ಹೊತ್ತಿನಲ್ಲಿ ಯಾರಾದರೊಬ್ಬರ ಮಾದರಿ ಮೂರು ಕಾಲಿನ ಮೇಲೆ ನಿಂತು, ನಾಲ್ಕನೆಯ ಕೈಯನ್ನು ನೆತ್ತಿಯ ಮೇಲೆತ್ತಿರುತ್ತದೆ. ಇಂಗಾಲಕ್ಕೆ ನಾಲ್ಕು ಕೈ ಎಂದು ಕೆಕುಲೆ ಮತ್ತು ಕೂಪರ್ ಹೇಳಿದ್ದು 1858ರಲ್ಲಿ. ಆ ಕೈಗಳು ಚತುರ್ಮುಖಿಯ ನಾಲ್ಕು ಮೂಲೆಗಳತ್ತ ಚಾಚಿರುತ್ತವೆ ಎಂದು ವಾಂಟ್ ಹಾಫ್ ಮತ್ತು ಲೆ ಬೆಲ್ ಹೇಳಿದ್ದು 1874ರಲ್ಲಿ. ಪಂಡಿತರೇ ಹದಿನಾರು ವರ್ಷ ತೆಗೆದುಕೊಂಡ ಮೇಲೆ ಮಕ್ಕಳಿಗೆ ಒಂದು ಪೀರಿಯಡ್ ಕೊಟ್ಟರೆ ತಪ್ಪಿಲ್ಲ.

ಮರುದಿನ ಇಬ್ಬಿಬ್ಬರಿಗೆ ನಾಲ್ಕು ಕಡಲೆ, ಹತ್ತು ಬಟಾಣಿ, ಹದಿಮೂರು ಕಡ್ಡಿ ಎಣಿಸಿ ಕೊಡಿ. ಹೇಗೆ ಜೋಡಿಸಬೇಕೆಂದು ಹೇಳಬೇಡಿ. ಮುಂದಿನದನ್ನು ಅವರೇ ನಿಮಗೆ ತೋರಿಸುತ್ತಾರೆ. ಮೂಲೆ ತಿರುಗಿದ ಸರಪಳಿಯ ತೊಡಕೂ ಅಲ್ಲಿಯೇ ಬಿಡಿಸಿಕೊಳ್ಳುತ್ತದೆ: ಒಂದೇ ಕಡ್ಡಿಯ ಜೋಡಣೆಯನ್ನು ಹಿಡಿದು ತಿರುವಿದರೆ ಅದು ತಿರುಗುತ್ತದೆ, ಬಾಗಿದ ಸರಪಳಿ ನೆಟ್ಟಗಾಗುತ್ತದೆ, ನೆಟ್ಟಗಿದ್ದಾಗಲೂ ಬಾಗಿದ್ದಾಗಲೂ ಯಾವ ಕಡಲೆ ಯಾವ ಕಡಲೆಗೆ ಅಂಟಿತ್ತೋ ಅದಕ್ಕೇ ಅಂಟಿದೆ. ಎರಡು ಕಡಲೆಗಳ ನಡುವೆ ಎರಡು ಕಡ್ಡಿ ಹಾಕಿದರೆ ತಿರುಗಲಾರದು ಎಂಬುದನ್ನೂ ಅವರ ಬೆರಳೇ ತಿಳಿದುಕೊಳ್ಳಲಿ. ಇಷ್ಟಾದ ಮೇಲೆ ಮಾದರಿಯನ್ನು ನೋಡಿ ಚಿತ್ರ ಬರೆಯಲು ಹೇಳಿ. ನಾವು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ ಚಿತ್ರವನ್ನು ಮೊದಲು ಕೊಟ್ಟು, ವಸ್ತುವನ್ನು ಅದರಿಂದ ಊಹಿಸಿಕೊಳ್ಳಿ ಎನ್ನುವುದು.

ಉತ್ತರ 2
ಔಷಧ ಕಾರ್ಖಾನೆಯ ರಸಾಯನತಜ್ಞ, ಪುಣೆ

ಹಿರಿಯರ ಕಡಲೆ ಬಟಾಣಿಗೆ ನನ್ನ ಪೂರ್ಣ ಒಪ್ಪಿಗೆ ಇದೆ, ಆದರೆ ಹೆಸರು ಕೊನೆಗೆ ಎಂಬ ಮಾತಿಗೆ ಇಲ್ಲ. ನಾನು ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಹತ್ತನೆಯವರೆಗೆ ಓದಿ, ಹನ್ನೊಂದಕ್ಕೆ ಇಂಗ್ಲಿಷಿನ ಕಿರಿಯ ಕಾಲೇಜಿಗೆ ಹೋದವನು. ಪರ್ಯಾಪ್ತ (ಇಂಗಾಲಗಳ ನಡುವೆ ಏಕಬಂಧಗಳಷ್ಟೇ ಇರುವುದು), ಅಪರ್ಯಾಪ್ತ (ದ್ವಿಬಂಧ ಅಥವಾ ತ್ರಿಬಂಧ ಇರುವುದು) ಎರಡೂ ನನಗೆ ಚೆನ್ನಾಗಿ ಗೊತ್ತಿದ್ದವು. ಆದರೆ ಅಲ್ಲಿ ‘ಸ್ಯಾಚುರೇಟೆಡ್’ ಎಂದಾಗ ಅದು ನನಗೆ ಗೊತ್ತಿರುವ ವಿಷಯವೇ ಎಂದು ತಿಳಿಯಲು ದೀಪಾವಳಿ ರಜೆಯವರೆಗೆ ಬೇಕಾಯಿತು. ಮೂರು ತಿಂಗಳು ದಡ್ಡನೆನಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕುಳಿತಿದ್ದೆ. ಹನ್ನೊಂದರ ಪುಸ್ತಕದಲ್ಲಿ ಸಾವಯವ ರಸಾಯನದ ಮೂಲತತ್ತ್ವಗಳು, ಅದರ ಬೆನ್ನಿಗೇ ಹೈಡ್ರೊಕಾರ್ಬನ್ನುಗಳು ಬರುತ್ತವೆ, ಉಸಿರು ಬಿಡಲು ಹೊತ್ತಿರುವುದಿಲ್ಲ. ಆದ್ದರಿಂದ ಮೊದಲ ದಿನದಿಂದಲೇ ನೋಟುಪುಸ್ತಕದ ಹಿಂಬದಿಯಲ್ಲಿ ಕನ್ನಡ ಪದ, ಅದರ ಪಕ್ಕದಲ್ಲಿ ಇಂಗ್ಲಿಷ್ ಪದ ಬರೆಸಿ. ವಿವರಣೆ ಮಾತ್ರ ಕನ್ನಡದಲ್ಲಿಯೇ ಇರಲಿ, ಅದರಲ್ಲಿ ರಾಜಿ ಬೇಡ.

ಐಯುಪಿಎಸಿ ಎಂಬ ಅಂತರರಾಷ್ಟ್ರೀಯ ರಸಾಯನ ಸಂಸ್ಥೆಯ ನಿಯಮದಂತೆ ಇಟ್ಟ ಹೆಸರುಗಳನ್ನು ಮಗ್ಗಿಯಂತೆ ಒಪ್ಪಿಸುತ್ತಾರೆ ಎಂದಿರಿ. ಕನ್ನಡದ ಮಕ್ಕಳಿಗೆ ಇದನ್ನು ವ್ಯಾಕರಣದಂತೆ ಹೇಳಿಕೊಡಬಹುದು. ‘ಮರ’ ಎಂಬ ಪ್ರಕೃತಿಗೆ ಪ್ರತ್ಯಯ ಸೇರಿ ಮರವನ್ನು, ಮರದಿಂದ, ಮರದಲ್ಲಿ ಆಗುವಂತೆ, ಎರಡು ಇಂಗಾಲಗಳ ‘ಈಥ್’ ಎಂಬ ಪ್ರಕೃತಿಗೆ ಪ್ರತ್ಯಯಗಳು ಸೇರುತ್ತವೆ. ಸ್ವರವನ್ನು ನೋಡಿ: ಈಥೇನ್ ಎಂಬಲ್ಲಿ ಏಕಾರವಿದ್ದರೆ ಏಕಬಂಧ, ಈಥೀನ್ ಎಂಬಲ್ಲಿ ಈಕಾರವಿದ್ದರೆ ದ್ವಿಬಂಧ, ಈಥೈನ್ ಎಂಬಲ್ಲಿ ಐಕಾರವಿದ್ದರೆ ತ್ರಿಬಂಧ. ಕಾಗುಣಿತ ಬಲ್ಲ ಮಗುವಿಗೆ ಇದು ಒಂದು ನಿಮಿಷದ ಕೆಲಸ. ಇಂಗ್ಲಿಷಿನಲ್ಲಿ ಒಂದೇ ಅಕ್ಷರ ಬದಲಾಗಿ ಕಣ್ಣಿಗೆ ಮೋಸವಾಗುತ್ತದೆ. ಕನ್ನಡದಲ್ಲಿ ಕಿವಿಗೂ ಕಣ್ಣಿಗೂ ಸ್ಪಷ್ಟ.

ಆದರೆ ಕನ್ನಡ ಲಿಪಿ ಕೈಕೊಡುವ ಜಾಗವೂ ಒಂದಿದೆ, ಅಲ್ಲಿ ಎಚ್ಚರವಿರಲಿ. ಆಲ್ಕೊಹಾಲಿನ ಪ್ರತ್ಯಯವೂ ಆಲ್ಡಿಹೈಡಿನ ಪ್ರತ್ಯಯವೂ ನಮ್ಮ ಬರವಣಿಗೆಯಲ್ಲಿ ‘ಆಲ್’ ಆಗಿಬಿಡುತ್ತವೆ. ಎರಡು ಬೇರೆ ಬೇರೆ ಪದಾರ್ಥಗಳಿಗೆ ‘ಎಥನಾಲ್’ ಎಂಬ ಒಂದೇ ಹೆಸರು ಬರುತ್ತದೆ. ನಾನು ಆಲ್ಕೊಹಾಲಿಗೆ ‘ಎಥನಾಲ್’ ಎಂದೂ ಆಲ್ಡಿಹೈಡಿಗೆ ‘ಎಥನ್ಯಾಲ್’ ಎಂದೂ ಬರೆಯುತ್ತೇನೆ. ಈ ಜೋಡಿಗೆ ಮಾತ್ರ ಇಂಗ್ಲಿಷ್ ಕಾಗುಣಿತವನ್ನು ಹತ್ತು ಸಲ ಬರೆಸಿದರೂ ಅದು ಶಿಕ್ಷೆಯಾಗಲಾರದು.

ಬ್ರೋಮಿನ್ ನೀರಿಲ್ಲದಿದ್ದರೆ ಚಿಂತೆಯಿಲ್ಲ, ಇಲ್ಲದಿರುವುದೇ ಒಳ್ಳೆಯದು. ಔಷಧದ ಅಂಗಡಿಯಿಂದ ಟಿಂಕ್ಚರ್ ಅಯೋಡಿನ್ ತನ್ನಿ. ಎರಡು ಪ್ರನಾಳಗಳಲ್ಲಿ ಒಂದರಲ್ಲಿ ಸೂರ್ಯಕಾಂತಿ ಎಣ್ಣೆ, ಇನ್ನೊಂದರಲ್ಲಿ ಅಷ್ಟೇ ತೆಂಗಿನೆಣ್ಣೆ ಹಾಕಿ, ಎರಡಕ್ಕೂ ಎಣಿಸಿ ಅಷ್ಟಷ್ಟೇ ಹನಿ ಅಯೋಡಿನ್ ಬಿಟ್ಟು ಕುಲುಕಿ, ಬಿಸಿನೀರಿನ ಮಗ್ಗಿನಲ್ಲಿ ನಿಲ್ಲಿಸಿ. ಟಿಂಕ್ಚರಿನಲ್ಲಿ ಸ್ಪಿರಿಟ್ ಇರುವುದರಿಂದ ಹತ್ತಿರ ಉರಿ ಬೇಡ. ಸೂರ್ಯಕಾಂತಿ ಎಣ್ಣೆಯಲ್ಲಿ ಬಣ್ಣ ಮೊದಲು ಕುಂದುತ್ತದೆ, ಏಕೆಂದರೆ ಅದರ ಸರಪಳಿಗಳಲ್ಲಿರುವ ದ್ವಿಬಂಧಗಳು ಅಯೋಡಿನ್ನನ್ನು ಹಿಡಿದುಕೊಳ್ಳುತ್ತವೆ. ಕಾರ್ಖಾನೆಗಳಲ್ಲಿ ಇದನ್ನೇ ಅಳೆದು ಅಯೋಡಿನ್ ಮೌಲ್ಯ ಎನ್ನುತ್ತಾರೆ: 100 ಗ್ರಾಂ ಸೂರ್ಯಕಾಂತಿ ಎಣ್ಣೆ ಸುಮಾರು 118ರಿಂದ 141 ಗ್ರಾಂ ಅಯೋಡಿನ್ ಹೀರಿದರೆ, ತೆಂಗಿನೆಣ್ಣೆ ಹೀರುವುದು 6ರಿಂದ 11 ಗ್ರಾಂ ಅಷ್ಟೇ. ಅಯೋಡಿನ್ ನಿಧಾನದ್ದು, ಪೀರಿಯಡ್ಡಿನ ಆರಂಭದಲ್ಲಿಯೇ ಇಟ್ಟುಬಿಡಿ, ಘಂಟೆ ಹೊಡೆಯುವ ಹೊತ್ತಿಗೆ ನೋಡಿದರಾಯಿತು. ನಮ್ಮ ಪುಣೆಯಲ್ಲಿ ಡಿಸೆಂಬರಿನ ಬೆಳಿಗ್ಗೆ ಬಚ್ಚಲಿನ ತೆಂಗಿನೆಣ್ಣೆ ಗಟ್ಟಿಯಾಗಿ ಕುಳಿತಿರುತ್ತದೆ, ಅಡುಗೆಮನೆಯ ಸೂರ್ಯಕಾಂತಿ ಎಣ್ಣೆ ಹರಿಯುತ್ತಲೇ ಇರುತ್ತದೆ. ದ್ವಿಬಂಧವಿಲ್ಲದ ಸರಪಳಿಗಳು ಒತ್ತಾಗಿ ಕೂರುತ್ತವೆ, ದ್ವಿಬಂಧದ ಬಳಿ ಸೊಟ್ಟಗಾದ ಸರಪಳಿಗಳು ಹಾಗೆ ಕೂರಲಾರವು. ಮುಂಬಯಿಯಲ್ಲಿ ಇದನ್ನು ತೋರಿಸಲು ಫ್ರಿಜ್ ಬೇಕಾಗಬಹುದು.

ಉತ್ತರ 3
ರಾತ್ರಿ ಶಾಲೆಯ ಶಿಕ್ಷಕ, ಮುಂಬಯಿ

ನನ್ನ ವಿದ್ಯಾರ್ಥಿಗಳಲ್ಲಿ ಹೋಟೆಲು ಕೆಲಸದ ಹುಡುಗರೇ ಹೆಚ್ಚು. ಅನುರೂಪ ಶ್ರೇಣಿಯನ್ನು ನಾನು ಗ್ಯಾಸ್ ಸಿಲಿಂಡರಿನಿಂದಲೇ ಹೇಳುತ್ತೇನೆ. ಬಿಲ್ಡಿಂಗಿನ ಪೈಪಿನಲ್ಲಿ ಬರುವುದು ಬಹುಪಾಲು ಮೀಥೇನ್, ಸಿಲಿಂಡರಿನಲ್ಲಿರುವುದು ಪ್ರೊಪೇನ್ ಮತ್ತು ಬ್ಯೂಟೇನ್. ಒಂದೊಂದು ಇಂಗಾಲ ಮತ್ತು ಎರಡೆರಡು ಜಲಜನಕ ಸೇರುತ್ತ ಹೋದಂತೆ ಅಣುವಿನ ತೂಕ ಹದಿನಾಲ್ಕರಷ್ಟು ಏರುತ್ತದೆ: 16, 30, 44, 58. ಗಾಳಿಯ ಸರಾಸರಿ 29. ಆದ್ದರಿಂದ ಸೋರಿದ ಮೀಥೇನ್ ಮೇಲಕ್ಕೇರುತ್ತದೆ, ಸೋರಿದ ಸಿಲಿಂಡರಿನ ಅನಿಲ ನೆಲದ ಮೇಲೆ ಹರಡಿ ತಗ್ಗಿನಲ್ಲಿ ನಿಲ್ಲುತ್ತದೆ. ಕೆಳಗಿನ ಬಾಗಿಲು ಮೊದಲು ತೆರೆಯಬೇಕೆಂದು ಭಟ್ಟಿಯ ಹುಡುಗರಿಗೆ ಯಜಮಾನರು ಯಾಕೆ ಬೈಯುತ್ತಾರೆ ಎಂಬುದು ಆ ನಾಲ್ಕು ಸಂಖ್ಯೆಗಳಿಂದ ತಿಳಿಯುತ್ತದೆ.

ಕುದಿಬಿಂದುವೂ ಹೀಗೆಯೇ. ಮೀಥೇನ್ ಸೊನ್ನೆಗಿಂತ 162 ಡಿಗ್ರಿ ಕೆಳಗೆ, ಪ್ರೊಪೇನ್ 42 ಡಿಗ್ರಿ ಕೆಳಗೆ, ಬ್ಯೂಟೇನ್ ಹೆಚ್ಚುಕಡಿಮೆ ಸೊನ್ನೆಯಲ್ಲಿಯೇ ಕುದಿಯುತ್ತದೆ. ಮೂರು ಒಲೆಗಳಿಗೆ ಒಂದೇ ಸಿಲಿಂಡರ್ ಹಚ್ಚಿದಾಗ ಅದರ ಕೆಳಭಾಗ ಬೆವರಿ ಬೆಳ್ಳಗೆ ಹಿಮಗಟ್ಟುವುದನ್ನು ಆ ಹುಡುಗರು ನನಗಿಂತ ಹೆಚ್ಚು ನೋಡಿದ್ದಾರೆ. ಒಳಗಿನ ದ್ರವ ಆವಿಯಾಗಲು ಬೇಕಾದ ಶಾಖವನ್ನು ತನ್ನ ಡಬ್ಬಿಯಿಂದಲೇ ಕಸಿಯುತ್ತದೆ ಎಂದಾಗ ಒಬ್ಬ, “ಅದಕ್ಕೇ ಸರ್, ಗ್ಯಾಸ್ ಇದ್ದರೂ ಉರಿ ಸಣ್ಣಗಾಗೋದು” ಎಂದು ಉಳಿದ ಪಾಠವನ್ನು ತಾನೇ ಮುಗಿಸಿದ. ಪಾರಿಭಾಷಿಕ ಪದಗಳ ಜಗಳದಲ್ಲಿ ನಾನಿಲ್ಲ. ನನ್ನ ಹುಡುಗರು ಎರಡನ್ನೂ ಬಳಸುತ್ತಾರೆ.

ಉತ್ತರ 4
ಪ್ರೌಢಶಾಲಾ ಶಿಕ್ಷಕಿ, ವಾಸ್ಕೊ

ಪ್ರಕೃತಿ ಪ್ರತ್ಯಯದ ಮಾತು ನನಗೆ ಬಹಳ ಹಿಡಿಸಿತು. ಗೋವಾದಲ್ಲಿ ಅದಕ್ಕೆ ಸಿದ್ಧ ಉದಾಹರಣೆ ಇದೆ. ಇಲ್ಲಿನ ಅಡುಗೆಯಲ್ಲಿ ತೆಂಗಿನ ಕಳ್ಳಿನ ವಿನೆಗರ್ ಬಳಸುತ್ತಾರೆ. ಮರದಿಂದ ಇಳಿಸಿದ ಸಿಹಿ ರಸ ಹುಳಿತು ಎಥನಾಲ್ ಆಗುತ್ತದೆ. ಗಾಳಿಗೆ ತೆರೆದಿಟ್ಟರೆ ಬ್ಯಾಕ್ಟೀರಿಯಾಗಳು ಎಥನಾಲನ್ನು ಎಥನಾಯಿಕ್ ಆಮ್ಲವಾಗಿಸುತ್ತವೆ. ಎರಡು ಇಂಗಾಲಗಳ ಪ್ರಕೃತಿ ಹಾಗೆಯೇ ಇದೆ, ತುದಿಯ ಕ್ರಿಯಾಗುಂಪು, ಅಂದರೆ ಪದಾರ್ಥದ ಗುಣವನ್ನು ನಿರ್ಧರಿಸುವ ಪರಮಾಣುಗಳ ಗುಂಪು ಮಾತ್ರ ಬದಲಾಗಿದೆ. ಒಂದು ಅಮಲೇರಿಸುತ್ತದೆ, ಇನ್ನೊಂದು ಸಾರಿಗೆ ಹುಳಿ ಕೊಡುತ್ತದೆ. ಗೇರುಹಣ್ಣಿನ ಫೆಣಿಯ ಭಟ್ಟಿ ಇಳಿಸುವಿಕೆಯನ್ನೂ ನಾನು ಹೇಳುತ್ತೇನೆ, ನೀರಿಗಿಂತ ಮೊದಲು 78 ಡಿಗ್ರಿಯಲ್ಲಿ ಕುದಿಯುವುದು ಎಥನಾಲ್ ಎಂಬುದಕ್ಕೆ. ನಿಮ್ಮ ಶಾಲೆಯ ಪೋಷಕರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೋ ನೋಡಿಕೊಳ್ಳಿ.

ವಿನೆಗರಿಗೆ ಅಡುಗೆ ಸೋಡಾ ಹಾಕಿ, ಬರುವ ಅನಿಲವನ್ನು ಸುಣ್ಣದ ತಿಳಿನೀರಿಗೆ ಬಿಟ್ಟರೆ ಅದು ಹಾಲಿನಂತಾಗುತ್ತದೆ. ಸುಣ್ಣವನ್ನು ಪಾನ್ ಅಂಗಡಿಯಿಂದ ತಂದು ಹಿಂದಿನ ದಿನವೇ ನೀರಿನಲ್ಲಿ ಕದಡಿ ಇಟ್ಟರೆ ಬೆಳಿಗ್ಗೆ ತಿಳಿ ಸಿಗುತ್ತದೆ. ಬಾಳೆಹಣ್ಣಿನ ರಸಾಯನ ಎಂದ ಹುಡುಗನಿಗೆ ನನ್ನ ಪರವಾಗಿ ಹೇಳಿ: ಬಾಳೆಹಣ್ಣಿನ ಪರಿಮಳಕ್ಕೆ ಮುಖ್ಯ ಕಾರಣ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರ್, ಅದು ಇದೇ ಎಥನಾಯಿಕ್ ಆಮ್ಲ ಒಂದು ಆಲ್ಕೊಹಾಲಿನೊಡನೆ ಕೂಡಿ ಆದದ್ದು. ಅವನು ತಪ್ಪೇನೂ ಹೇಳಿರಲಿಲ್ಲ.

ಮರುಬರಹ
ವಿಜ್ಞಾನ ಶಿಕ್ಷಕಿ, ಮುಂಬಯಿ ಉಪನಗರ

ಎಲ್ಲರಿಗೂ ಕೃತಜ್ಞತೆಗಳು. ಡೊಂಬಿವಲಿಯ ಸರ್ ಹೇಳಿದಂತೆ ನಾಲ್ಕು ಕಡಲೆ, ಹತ್ತು ಬಟಾಣಿ, ಹದಿಮೂರು ಕಡ್ಡಿ ಕೊಟ್ಟೆ. ಒಂಬತ್ತು ಗುಂಪುಗಳಲ್ಲಿ ಏಳು ಗುಂಪುಗಳು ಸರಪಳಿ ಮಾಡಿದವು, ಎರಡು ಗುಂಪುಗಳು ನಡುವೆ ಒಂದು ಕಡಲೆಯಿಟ್ಟು ಸುತ್ತಲೂ ಮೂರು ಕಡಲೆ ಚುಚ್ಚಿದವು. ತಮ್ಮದು ತಪ್ಪಾಯಿತೆಂದು ಆ ಎರಡನೆಯ ಗುಂಪಿನ ಹುಡುಗಿ ಬಿಚ್ಚಲು ಹೊರಟಿದ್ದಳು. ಇಂಗಾಲಕ್ಕೆ ಐದು ಬಂಧ ಹಾಕಿದ್ದವಳೇ ಅವಳು. ತಡೆದು, ಕಡ್ಡಿ ಎಣಿಸು ಎಂದೆ. ಎಣಿಸಿದಳು, ಎಲ್ಲ ಸರಿಯಿತ್ತು. ಇನ್ನೊಂದು ಗುಂಪಿನ ಸರಪಳಿಯನ್ನು ತಿರುವಿ, ಮಡಚಿ ತನ್ನದರಂತೆ ಮಾಡಲು ನೋಡಿದಳು, ಆಗಲಿಲ್ಲ. “ಟೀಚರ್, ಸಾಮಾನು ಒಂದೇ, ಆದರೆ ಇದು ಅದಲ್ಲ. ಎರಡಕ್ಕೂ ಬ್ಯೂಟೇನ್ ಅಂದರೆ ಯಾವುದು ಅಂತ ಹೇಗೆ ತಿಳಿಯುತ್ತೆ?” ಎಂದು ಕೇಳಿದಳು.

ಪುಣೆಯ ಸರ್, ಹೆಸರನ್ನು ಎಲ್ಲಿ ಹೇಳಬೇಕೆಂಬ ನಿಮ್ಮಿಬ್ಬರ ವಾದಕ್ಕೆ ನನ್ನ ತರಗತಿಯಲ್ಲಿ ತೀರ್ಪು ಸಿಕ್ಕಿದ್ದು ಆ ಕ್ಷಣದಲ್ಲಿ. 2-ಮೀಥೈಲ್ ಪ್ರೊಪೇನ್ ಎಂಬ ಹೆಸರನ್ನು ಆಗಲೇ ಹಲಗೆಯ ಮೇಲೆ ಬರೆದೆ, ಕೆಳಗೆ ಸಮಾಂಗಿ ಎಂದೂ ಅದರ ಪಕ್ಕ ಐಸೋಮರ್ ಎಂದೂ ಬರೆದೆ. ವೋಲರನ ಅಮೋನಿಯಂ ಸಯನೇಟಿನಲ್ಲಿಯೂ ಯೂರಿಯಾದಲ್ಲಿಯೂ ಇರುವುದು ಒಂದು ಇಂಗಾಲ, ಒಂದು ಆಮ್ಲಜನಕ, ಎರಡು ಸಾರಜನಕ, ನಾಲ್ಕು ಜಲಜನಕ, ಜೋಡಣೆ ಮಾತ್ರ ಬೇರೆ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗುತ್ತಿರಲಿಲ್ಲ. ಸಾರಜನಕಕ್ಕೆ ನೀಲಿ ಕಾಳು ಎಲ್ಲಿ ಸಿಗುತ್ತದೆ ಎಂದು ಮಕ್ಕಳು ಈಗ ಕೇಳುತ್ತಿದ್ದಾರೆ. ಎಣ್ಣೆಯ ಪ್ರಯೋಗ ಸೋಮವಾರಕ್ಕೆ ಇಟ್ಟುಕೊಂಡಿದ್ದೇನೆ.

ಉತ್ತರ 5
ನಿವೃತ್ತ ಶಿಕ್ಷಕ, ಡೊಂಬಿವಲಿ

ಸಂತೋಷ ಮೇಡಂ. ನೀಲಿ ಕಾಳು ನಾನೂ ಕಂಡಿಲ್ಲ. ಬಟಾಣಿಗೆ ಶಾಯಿ ಹಚ್ಚಿ ಮೂರು ಕಡ್ಡಿ ಚುಚ್ಚಿದರಾಯಿತು. ಒಂದು ಮಾತು ಹೇಳಲು ಮರೆತಿದ್ದೆ. ಮಾದರಿಗಳನ್ನು ಮರುದಿನಕ್ಕೆ ಉಳಿಸಿಕೊಳ್ಳುವುದಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಡಿ, ತಟ್ಟೆಯಲ್ಲಿ ಗಾಳಿಗೆ ಹರಡಿ. ಒಣಗಿದರೆ ಕಡ್ಡಿಗಳು ಇನ್ನೂ ಬಿಗಿಯಾಗಿ ಕೂರುತ್ತವೆ. ಒಂದು ವರ್ಷ ನಾನು ಬಟ್ಟೆಯಲ್ಲಿ ಸುತ್ತಿಟ್ಟು, ಎರಡು ದಿನದ ರಜೆಯ ಮೇಲೆ ತೆರೆದು ನೋಡಿದಾಗ ಕಡಲೆಗಳೆಲ್ಲ ಮೊಳಕೆಯೊಡೆದಿದ್ದವು, ಮುಂದಿನ ಬೆಂಚಿನವನೊಬ್ಬ ಇಂಗಾಲಕ್ಕೆ ಐದನೆಯ ಕೈ ಬಂದಿದೆ ಎಂದು ಕೂಗಿದ್ದ.